ಬರಿಗಾಲಿನ ಕ್ಲಬ್ಬೂ ನನ್ನ ಕಾಲ್ಗುಣವೂ

ಅಲ್ ಬರ್ಷಾ

ದುಬೈಗೆ ಹೋಗಿ ಬಂದವರು ಎತ್ತರದ ಕಟ್ಟಡಗಳ ಸುದ್ದಿ ಹೇಳುತ್ತಾರೆ, ಚಿನ್ನದಂಗಡಿಗಳ ಸುದ್ದಿ ಹೇಳುತ್ತಾರೆ. ಲಿಫ್ಟಿನೊಳಗೆ ಗುರುತು ಪರಿಚಯ ಇಲ್ಲದ ಗಂಡಸೊಬ್ಬರು ತಬ್ಬಿಕೊಂಡು ಕಣ್ಣೀರು ಹಾಕಿದ ಸುದ್ದಿಯನ್ನು ಯಾರೂ ಹೇಳಿದ್ದಿಲ್ಲ. ನಾನು ಅಲ್ಲಿಗೆ ಹೋಗಿ ವಾರ ತುಂಬುವ ಮೊದಲೇ ನನಗೆ ಅದು ಆಯಿತು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಮಂಗಳೂರಿನ ಒಂದು ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತಳಾದವಳು. ತಮ್ಮ ರಘು ಅಲ್ ಬರ್ಷಾದಲ್ಲಿ, ದೊಡ್ಡ ಮಾಲ್‌ನ ಹಿಂದಿನ ಒಂದು ಕಟ್ಟಡದಲ್ಲಿ ಹೆಂಡತಿ ಸುಧಾಳ ಜೊತೆ ಇದ್ದಾನೆ. ಕರೆದು ಕರೆದು ಸಾಕಾಗಿ ಕೊನೆಗೆ ಟಿಕೆಟನ್ನೇ ಕಳಿಸಿಬಿಟ್ಟ. ನಮ್ಮ ಮನೆಯವರು, "ನೀನು ಹೋಗಿ ಬಾ, ನನಗೆ ವಿಮಾನದಲ್ಲಿ ಕಿವಿ ನೋಯ್ತದೆ" ಎಂದರು. ಅವರು ವಿಮಾನ ಹತ್ತಿದ್ದನ್ನು ನಾನಂತೂ ಕಂಡಿಲ್ಲ.

ದುಬೈಯಲ್ಲಿ ಕನ್ನಡ ಸಂಘದವರ ರಾಜ್ಯೋತ್ಸವ ನಡೆಯುವುದು ಹಾಲ್ ಸಿಕ್ಕಿದ ದಿನ. ಆ ಸಲ ಡಿಸೆಂಬರಿನಲ್ಲಿ ಸಿಕ್ಕಿತ್ತು. ಊರಿನಿಂದ ಬರಬೇಕಾಗಿದ್ದ ಮುಖ್ಯ ಅತಿಥಿಯ ವಿಮಾನ ತಡವಾಯಿತು, ಖಾಲಿ ಕುರ್ಚಿ ಚೆನ್ನಾಗಿ ಕಾಣುವುದಿಲ್ಲ, ಸಭೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬಳು ಸುಮ್ಮನೆ ಕೂತಿದ್ದಾಳೆ. ನನ್ನನ್ನು ಕೂರಿಸಿ, ನನ್ನ ಸಾಧನೆಗಳನ್ನು ಅಲ್ಲೇ ನಿಂತು ಕಲ್ಪಿಸಿಕೊಂಡು ಹೇಳಿ, ಹಳದಿ ಕೆಂಪು ಶಾಲು ಹೊದಿಸಿಯೇಬಿಟ್ಟರು. ಮರುಭೂಮಿ ಎಂದುಕೊಂಡು ನಾನು ಒಂದೂ ಸ್ವೆಟರ್ ತಂದಿರಲಿಲ್ಲ. ಅಲ್ಲಿಯ ಮನೆ, ಬಸ್ಸು, ಅಂಗಡಿ, ಎಲ್ಲಿ ಹೋದರೂ ಎಸಿಯ ಚಳಿ. ಆ ಶಾಲು ನನ್ನ ಮೈಮೇಲಿನಿಂದ ಇಳಿಯಲೇ ಇಲ್ಲ.

ತರಕಾರಿ ತಂದು ನಾನೂ ರಘುವೂ ಲಿಫ್ಟು ಹತ್ತಿದೆವು. ಒಳಗೆ ಬಿಳಿ ಮೀಸೆಯ ಎತ್ತರದ ಮುದುಕರೊಬ್ಬರು, ಪಕ್ಕದಲ್ಲಿ ನಡುವಯಸ್ಸಿನ ಹೆಂಗಸು. ಮುದುಕರದು ಹಳದಿ ಕೆಂಪು ಪಟ್ಟೆಯ ಅಂಗಿ. ಕಂಕುಳಲ್ಲಿ ಥರ್ಮಾಸ್ ಫ್ಲಾಸ್ಕ್. ಅವರು ನನ್ನ ಶಾಲನ್ನು ನೋಡಿದರು. ಫ್ಲಾಸ್ಕನ್ನು ಮೆಲ್ಲ ನೆಲಕ್ಕೆ ಇಟ್ಟರು. ಆಮೇಲೆ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡು, ಆ ಕೆನ್ನೆಗೊಂದು ಈ ಕೆನ್ನೆಗೊಂದು ಮುತ್ತು ಕೊಟ್ಟು, ನನಗೆ ಅರ್ಥವಾಗದ ಭಾಷೆಯಲ್ಲಿ ಏನೋ ಹೇಳುತ್ತಾ ಕಣ್ಣು ಒರೆಸಿಕೊಂಡರು. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದವಳು ನಾನು, ಜಾರಿದ ಶಾಲು ಸರಿಮಾಡಿಕೊಂಡೆ. ರಘು ಕರಿಬೇವಿನ ಸೊಪ್ಪಿನ ಕಟ್ಟು ಹಿಡಿದು ಕಂಬದ ಹಾಗೆ ನಿಂತಿದ್ದ.

ಆ ಹೆಂಗಸು ಅವರ ಮಗಳು ದೆನಿಸಿ. ಇಂಗ್ಲಿಷ್ ಬರುತ್ತಿತ್ತು. ಅವರು ಬ್ರೆಜಿಲಿನ ತೆಂಕಣದ ಒಂದು ಊರಿನವರು, ಊರಿನ ಫುಟ್‌ಬಾಲ್ ಕ್ಲಬ್ಬು ಅಬುಧಾಬಿಯ ದೊಡ್ಡ ಪಂದ್ಯಾವಳಿಗೆ ಬಂದಿದೆ, ಅದನ್ನು ನೋಡಲು ಬಂದು ನಮ್ಮ ಮಹಡಿಯಲ್ಲೇ ಬಾಡಿಗೆಗೆ ಇಳಿದಿದ್ದಾರೆ, ಹಳದಿ ಕೆಂಪು ಅವರ ಕ್ಲಬ್ಬಿನ ಬಣ್ಣ. ಇಷ್ಟು ದೂರದ ಊರಿನಲ್ಲಿ, ಸೀರೆ ಉಟ್ಟ ಹೆಂಗಸು ತಮ್ಮ ಕ್ಲಬ್ಬಿನ ಬಣ್ಣ ಹೊದ್ದು ಲಿಫ್ಟು ಹತ್ತಿದ್ದನ್ನು ಕಂಡು ಅಪ್ಪನಿಗೆ ತಡೆಯಲಾಗಲಿಲ್ಲ ಎಂದಳು.

ಇದು ನಮ್ಮ ರಾಜ್ಯದ ಬಾವುಟದ ಬಣ್ಣ ಎಂದು ರಘು ವಿವರಿಸಿದ. ಮಗಳು ಅದನ್ನು ಹೇಳಿದಳು. ಮುದುಕರು ಗಂಭೀರವಾಗಿ ಕೇಳಿಸಿಕೊಂಡು, "ಯಾವ ಸರ್ಕಾರವೇ ಆಗಲಿ, ಬಣ್ಣ ಆರಿಸುವಾಗ ಬುದ್ಧಿ ಉಪಯೋಗಿಸಿದೆ" ಎಂದರಂತೆ.

"ಅಕ್ಕ, ಭಾವನಿಗೆ ಹೇಳ್ಬೇಕಾ ಬೇಡ್ವಾ ಇದನ್ನು?" ಎಂದು ರಘು ಮನೆಯೊಳಗೆ ಬಂದ ಮೇಲೆ ಕೇಳಿದ.

"ಕರಿಬೇವಿನ ಸೊಪ್ಪು ಫ್ರಿಜ್ಜಿನಲ್ಲಿಡು" ಎಂದೆ.

ಎದುರು ಮನೆ

ಮುದುಕರ ಹೆಸರು ಅರ್ಲಿಂದೊ. ನಮ್ಮಲ್ಲಿ ಹೆಸರಿನ ಕೊನೆಗೆ 'ರು' ಸೇರಿಸಿದ ಹಾಗೆ ಅವರಲ್ಲಿ ದೊಡ್ಡವರ ಹೆಸರಿನ ಮೊದಲಿಗೆ 'ಸೆಯು' ಎನ್ನುತ್ತಾರೆ. ಮರುದಿನ ಸಂಜೆ ಅವರ ಮನೆಗೆ ನಮ್ಮನ್ನು ಕರೆದರು. ಹೋದರೆ ಚಾ ಇಲ್ಲ, ಕಾಫಿ ಇಲ್ಲ. ಒಣಗಿದ ಸೋರೆಬುರುಡೆಯೊಂದರಲ್ಲಿ ಹಸಿರು ಸೊಪ್ಪಿನ ಪುಡಿ ತುಂಬಿ ಫ್ಲಾಸ್ಕಿನ ಬಿಸಿನೀರು ಹೊಯ್ದು, ಒಂದು ಲೋಹದ ಕೊಳವೆ ಚುಚ್ಚಿಟ್ಟಿದ್ದರು. ಅರ್ಲಿಂದೊ ಅವರು ಕುಡಿದರು. ಮತ್ತೆ ನೀರು ಹೊಯ್ದರು. ಅದೇ ಬುರುಡೆ, ಅದೇ ಕೊಳವೆ, ದೆನಿಸಿ ಕುಡಿದಳು. ಮತ್ತೆ ನೀರು. ನನ್ನ ಕೈಗೆ ಕೊಟ್ಟರು.

ಎಂಜಲು ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಾನು ಯೋಚಿಸುತ್ತಿದ್ದಾಗ ಸುಧಾ ಪಿಸುಗುಟ್ಟಿದಳು. "ಕುಡೀರಿ ಅತ್ತಿಗೆ, ಬೇಜಾರ ಮಾಡ್ತಾರೆ ಅವರು." ಕಣ್ಣು ಮುಚ್ಚಿ ಎಳೆದೆ. ನಮ್ಮ ಕಿರಾತಕಡ್ಡಿಯ ಕಷಾಯಕ್ಕೆ ಬಿಸಿಲಲ್ಲಿ ಒಣಗಿದ ಹುಲ್ಲಿನ ವಾಸನೆ ಸೇರಿಸಿದರೆ ಅದೇ. ಮುಗಿಸಿ ಬುರುಡೆ ವಾಪಸು ಕೊಟ್ಟು ಸುಮ್ಮನೆ ಮುಗುಳ್ನಕ್ಕೆ. ಸುತ್ತು ಬಂದು ಮತ್ತೆ ನನ್ನ ಕೈಗೇ ಬಂತು. ಮತ್ತೆ ಕುಡಿದೆ, ಮತ್ತೆ ನಕ್ಕೆ, ಮತ್ತೆ ಬಂತು. ಹೊಟ್ಟೆ ಕೊಡಪಾನವಾದ ಮೇಲೆ ತಡೆಯಲಾರದೆ "ಥ್ಯಾಂಕ್ಯೂ" ಎಂದೆ. ಅಲ್ಲಿಗೆ ನಿಂತಿತು. ಸಾಕಾಯಿತೆಂದು ಹೇಳುವ ಕ್ರಮವೇ ಅದಂತೆ. ಮೊದಲೇ ಮರ್ಯಾದೆ ತೋರಿಸಿದ್ದರೆ ಮೊದಲ ಗುಟುಕಿಗೇ ಬಿಡುಗಡೆಯಾಗುತ್ತಿತ್ತು.

ಕ್ಲಬ್ಬಿನ ಚರಿತ್ರೆ ಕೇಳಿದ್ದು ಅವತ್ತೇ. ಕ್ಲಬ್ಬಿನ ಹೆಸರನ್ನು ಮಾತ್ರ ಬರೆಯಲಾರೆ. ಪಂದ್ಯಾವಳಿಗೆ ಹೊರಟ ಮೇಲೆ ಹೆಸರನ್ನು ಕಾಗದದ ಮೇಲೆ ಬರೆಯಬಾರದು, ದೃಷ್ಟಿಯಾಗುತ್ತದೆ ಎಂದು ಅರ್ಲಿಂದೊ ಅವರು ಭಾಷೆ ತೆಗೆದುಕೊಂಡಿದ್ದಾರೆ. ಪಂದ್ಯಾವಳಿ ಮುಗಿದು ಎಷ್ಟೋ ಕಾಲವಾಯಿತು, ಆದರೆ ಭಾಷೆ ವಾಪಸು ಕೊಡಲು ಅವರು ಮರೆತಿದ್ದಾರೆ.

ಆ ಊರಿನ ಹೊಳೆಯ ಪಕ್ಕ ಒಂದು ಹಂಚಿನ ಕಾರ್ಖಾನೆ. ಅದನ್ನು ಕೇಳಿದ್ದೇ ನಾನು ನೆಟ್ಟಗೆ ಕೂತೆ. ನನ್ನ ಅಪ್ಪ ನೇತ್ರಾವತಿಯ ದಂಡೆಯ ಹಂಚಿನ ಕಾರ್ಖಾನೆಯಲ್ಲಿ ರೈಟರಾಗಿ ಲೆಕ್ಕ ಬರೆಯುತ್ತಿದ್ದವರು. ಆವೆಮಣ್ಣಿನ ವಾಸನೆಯಲ್ಲೇ ನಾವು ಬೆಳೆದದ್ದು. ಅವರ ಊರಿನಲ್ಲಿ ಕಾರ್ಖಾನೆಯ ಧಣಿಗಳದ್ದೊಂದು ಕ್ಲಬ್ಬಿತ್ತು, ಹುಲ್ಲಿನ ಮೈದಾನ, ಬಿಳಿ ಬೂಟು. ಕೆಲಸದವರು ಬೇಲಿಯ ಹೊರಗೆ ನಿಂತು ಚೆಂಡು ಹೆಕ್ಕಿ ಕೊಡಬಹುದಿತ್ತು. ಹೆಕ್ಕಿ ಹೆಕ್ಕಿ ಸಿಟ್ಟು ಬಂದು ಅವರು ಮಣ್ಣು ತೆಗೆದ ಹೊಂಡವನ್ನೇ ಮಟ್ಟ ಮಾಡಿ ತಮ್ಮದೇ ಕ್ಲಬ್ಬು ಮಾಡಿದರು. ಕೆಂಪು, ಹಂಚಿನ ಬಣ್ಣ. ಹಳದಿ, ದಿನಾ ತಿನ್ನುತ್ತಿದ್ದ ಜೋಳದ ಹಿಟ್ಟಿನ ಬಣ್ಣ.

ಧಣಿಗಳ ಜೊತೆ ಮೊದಲ ಪಂದ್ಯ ಗೊತ್ತಾಯಿತು. ಬೂಟು ಇಲ್ಲದವರ ಜೊತೆ ಆಡುವುದಿಲ್ಲ ಎಂದರು ಧಣಿಗಳು. ಕೆಲಸದವರು ಅಲ್ಲಿ ಇಲ್ಲಿ ಕೇಳಿ ಬೂಟು ತಂದರು. ಒಬ್ಬನದು ದೊಡ್ಡದು, ಒಬ್ಬನದು ಚಿಕ್ಕದು, ಇಬ್ಬರದು ಎರಡೂ ಎಡಗಾಲಿನದು. ಅರ್ಧ ಆಟದಲ್ಲಿ ಗೋಲುಗಳ ಮೇಲೆ ಗೋಲು ತಿಂದರು. ವಿರಾಮದಲ್ಲಿ ಬೂಟುಗಳನ್ನು ಕಿತ್ತು ಹೊಳೆಗೆಸೆದು ಬಂದು ಗೆದ್ದರು. ಅವತ್ತಿನಿಂದ ಧಣಿಗಳ ಕ್ಲಬ್ಬಿನವರು ಅವರನ್ನು ಬರಿಗಾಲಿನವರು ಎಂದು ಹಂಗಿಸುತ್ತಾರೆ, ಇವರು ಅದನ್ನೇ ಬಾವುಟದ ಮೇಲೆ ಬರೆದುಕೊಂಡಿದ್ದಾರೆ. ದೊಡ್ಡ ಪಂದ್ಯಕ್ಕೆ ಮೊದಲು ಅಭಿಮಾನಿಗಳು ಹಂಚಿನ ಪುಡಿಯನ್ನು ಪಾದಕ್ಕೆ ಸವರಿಕೊಳ್ಳಬೇಕು. ಮೈದಾನದ ಗೇಟನ್ನು ಒಬ್ಬರು ಬರಿಗಾಲಿನಲ್ಲಿ, ಬಲಗಾಲು ಮುಂದಿಟ್ಟು, ಎಲ್ಲರಿಗಿಂತ ಮೊದಲು ದಾಟಬೇಕು.

"ನಮ್ಮಲ್ಲಿ ಮದುಮಗಳು ಹಾಗೇ ಬರುವುದು" ಎಂದು ಸುಧಾ ಹೇಳಿದಳು. "ಸೇರಿನಲ್ಲಿ ಅಕ್ಕಿ ಇಟ್ಟಿರ್ತಾರೆ, ಬಲಗಾಲಲ್ಲಿ ಒದೀಬೇಕು."

ಅರ್ಲಿಂದೊ ಅವರಿಗೆ ಅದು ಬಹಳ ಮೆಚ್ಚಿಗೆಯಾಯಿತು. ಒದೆಯುವುದರಿಂದ ಶುರುವಾಗುವ ಮದುವೆ ಒಳ್ಳೆಯದೇ ಇರಬೇಕು ಎಂದರು. ಆ ಮೊದಲ ಹೆಜ್ಜೆ ಇಷ್ಟು ವರ್ಷ ಇಡುತ್ತಿದ್ದವರು ಅವರ ಹೆಂಡತಿ ಇರಾಸಿ. ಹೋದ ವರ್ಷ ಅವರು ತೀರಿಕೊಂಡರು. ಈ ಸಲ ಯಾರು ಇಡಬೇಕೆಂದು ಅಭಿಮಾನಿಗಳಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ.

ಗಂಜಿ

ಸೆಮಿಫೈನಲ್ ಅಬುಧಾಬಿಯಲ್ಲಿ. ಹಿಂದಿನ ದಿನ ಸುಧಾ ಖಾರದ ಕೋಳಿಸಾರು ಹಾಕಿದ ಕೋರಿ ರೊಟ್ಟಿ ಮಾಡಿ ಎದುರು ಮನೆಗೂ ಕೊಟ್ಟಿದ್ದಳು. ಅರ್ಲಿಂದೊ ಅವರು ಖಾರಕ್ಕೆ ಬೆವರುತ್ತಾ, ಮೂಗು ಒರೆಸುತ್ತಾ, ಎರಡೆರಡು ಸಲ ಬಡಿಸಿಕೊಂಡು ತಿಂದರು. ಬೆಳಗಾಗುವಾಗ ಹೊಟ್ಟೆ ಕೆಟ್ಟು ಏಳಲಾರದೆ ಮಲಗಿದ್ದರು. ಅರ್ಧ ಭೂಮಿ ಸುತ್ತಿ ಬಂದ ಮನುಷ್ಯ ಟಿವಿಯಲ್ಲಿ ಪಂದ್ಯ ನೋಡುವ ಹಾಗಾಯಿತು. ಸುಧಾಳಿಗೆ ಅವರ ಮುಖ ನೋಡುವ ಧೈರ್ಯವಿಲ್ಲ. ಕುಚ್ಚಲಕ್ಕಿಯ ಗಂಜಿ ಮಾಡಿ, "ನೀವೇ ಕೊಟ್ಟು ಬನ್ನಿ ಅತ್ತಿಗೆ" ಎಂದು ನನ್ನನ್ನು ಕಳಿಸಿದಳು.

ಬಾಗಿಲು ತೆರೆದೇ ಇತ್ತು. ಇವರ ತಂಡ ಒಂದು ಗೋಲಿನಿಂದ ಹಿಂದೆ. ಅರ್ಲಿಂದೊ ಅವರು ಸೋಫಾದಲ್ಲಿ ಕಂಬಳಿ ಹೊದ್ದು, ಮುಖ ಗೋಡೆಗೆ ತಿರುಗಿಸಿ, ಕಿವಿಯಲ್ಲಿ ಪಂದ್ಯ ನೋಡುತ್ತಿದ್ದರು. ನಾನು ಪಾತ್ರೆ ಹಿಡಿದು ಹೊಸ್ತಿಲು ದಾಟಿದ್ದಷ್ಟೆ, ಟಿವಿಯಲ್ಲಿ ಬೊಬ್ಬೆ. ಗೋಲು. ದೆನಿಸಿ ಗಂಜಿಯ ಸಮೇತ ನನ್ನನ್ನು ತಬ್ಬಿಕೊಂಡಳು. ಉಪ್ಪಿನಕಾಯಿ ಮರೆತಿದ್ದೇನೆಂದು ವಾಪಸು ಹೋಗಿ, ಮಾವಿನ ಮಿಡಿ ಹಾಕಿಕೊಂಡು ಬಂದು ಒಳಗೆ ಕಾಲಿಟ್ಟೆ. ಇನ್ನೊಂದು ಗೋಲು.

ಆಗ ಮುದುಕರು ಎದ್ದು ಕೂತರು. ಟಿವಿಯನ್ನು ಬಿಟ್ಟು ನನ್ನ ಕಾಲನ್ನೇ ನೋಡತೊಡಗಿದರು. ದೆನಿಸಿ ಬಹಳ ವಿನಯದಿಂದ, ದಯವಿಟ್ಟು ಇನ್ನೊಂದು ಸಲ ಹೊರಗೆ ಹೋಗಿ ಬರುತ್ತೀರಾ ಎಂದಳು. ಎಷ್ಟೋ ಮಕ್ಕಳನ್ನು ತರಗತಿಯಿಂದ ಹೊರಗೆ ಕಳಿಸಿದವಳು ನಾನು, ನನ್ನನ್ನು ಯಾರಾದರೂ ಕಳಿಸಿದ್ದು ಅದೇ ಮೊದಲು. ಹೋಗಿ ಬಂದೆ. ಏನೂ ಆಗಲಿಲ್ಲ. ಬೇಕೆಂದೇ ಬಂದರೆ ನಡೆಯುವುದಿಲ್ಲ, ಏನಾದರೂ ಕೆಲಸವಿಟ್ಟುಕೊಂಡೇ ಬರಬೇಕು ಎಂದು ಅಪ್ಪ ಮಗಳು ಮಾತಾಡಿಕೊಂಡರು. ಅಷ್ಟರಲ್ಲಿ ಪಂದ್ಯ ಮುಗಿದು ಅವರ ತಂಡ ಫೈನಲ್ ಸೇರಿತ್ತು.

ಅವರ ದೇಶದಲ್ಲಿ ಕೆಲವರಿಗೆ ಬಿಸಿಗಾಲು, ಕೆಲವರಿಗೆ ತಣ್ಣಗಾಲು. ಬಿಸಿಗಾಲಿನವರು ಬಂದರೆ ತಂಡ ಗೆಲ್ಲುತ್ತದೆ, ತಣ್ಣಗಾಲಿನವರು ಬಂದರೆ ಸೋಲುತ್ತದೆ. ಇರಾಸಿಯವರದು ಊರಿಗೇ ಹೆಸರಾದ ಬಿಸಿಗಾಲು. ದೆನಿಸಿ ಇದನ್ನು ಕೈ ಬಾಯಿ ತಿರುಗಿಸಿ ವಿವರಿಸುತ್ತಿದ್ದಳು. ನನಗೆ ವಿವರಣೆ ಬೇಕಿರಲಿಲ್ಲ. ಕಾಲ್ಗುಣ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಸೇರು ಒದ್ದು ಗಂಡನ ಮನೆಗೆ ಬಂದ ಸಂಜೆಯೇ ಮಾವ ಬಚ್ಚಲ ಬಾಗಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮರುದಿನ ಬಾವಿಯ ಪಂಪು ಸುಟ್ಟುಹೋಯಿತು. ಅದರ ಮರುದಿನ ಎಮ್ಮೆ ಹಾಲು ಕೊಡದೆ ಒದೆಯಿತು. ಅತ್ತೆ "ಕಾಲ್ಗುಣ" ಎಂದು ಒಂದೇ ಒಂದು ಸಲ ಹೇಳಿದರು. ಒಂದು ಸಲ ಸಾಕಾಯಿತು. ಆಮೇಲೆ ಮನೆಯಲ್ಲಿ ಹಾಲು ಒಡೆದರೂ ನನ್ನ ಪಾದದ ಕಡೆ ಒಂದು ನೋಟ ಬಂದು ಹೋಗುತ್ತಿತ್ತು. ಕ್ರಿಕೆಟ್‌ನಲ್ಲಿ ವಿಕೆಟ್ ಬಿದ್ದರೆ ಮೈದುನ, "ಅತ್ತಿಗೆ, ನೀವು ಸ್ವಲ್ಪ ಅಡುಗೆಮನೆಗೆ ಹೋಗಿ ಆಯ್ತಾ" ಎನ್ನುತ್ತಿದ್ದ. ನೆಂಟರ ಗೃಹಪ್ರವೇಶಗಳಲ್ಲಿ ನಾನು ಯಾರೂ ಹೇಳದೆಯೇ ಹಿಂದಿನ ಸಾಲಿಗೆ ಸರಿದು ನಿಲ್ಲುವುದನ್ನು ಕಲಿತೆ. ನಮ್ಮ ಮನೆಯವರು ಅದನ್ನು ನಂಬಿದ್ದನ್ನೂ ನಾನು ಕಂಡಿಲ್ಲ, ಬೇಡ ಎಂದದ್ದನ್ನೂ ಕೇಳಿಲ್ಲ. ಆ ಮಾತು ಎದ್ದಾಗ ಪೇಪರ್ ಹಿಡಿದು ಹೊರಗೆ ಹೋಗುತ್ತಿದ್ದರು.

ಅಂಥ ನನ್ನ ಕಾಲನ್ನು ನೋಡಿ ಅರ್ಲಿಂದೊ ಅವರು ಗಂಜಿ ಕುಡಿಯುತ್ತಾ ತೀರ್ಪು ಕೊಟ್ಟರು. ಫೈನಲ್ಲಿನ ದಿನ ಗೇಟು ದಾಟುವ ಮೊದಲ ಕಾಲು ಇದೇ.

ಬರ್ ದುಬೈ

ಸುದ್ದಿ ಅಭಿಮಾನಿಗಳಿಗೆಲ್ಲ ಹೋಯಿತು. ಬೇರೆ ಬೇರೆ ಹೋಟೆಲುಗಳಲ್ಲಿ ಇಳಿದಿದ್ದವರು ಬಂದು ನನ್ನ ಪಾದದ ಫೋಟೋ ತೆಗೆದುಕೊಂಡರು. ಮುಖ ಯಾರಿಗೂ ಬೇಕಾಗಿರಲಿಲ್ಲ. ಸುಧಾ ಗಾಬರಿಯಾಗಿ, "ಅತ್ತಿಗೆ, ಹಿಮ್ಮಡಿ ಒಡೆದಿದೆ, ಸ್ವಲ್ಪ ವ್ಯಾಸಲೀನ್ ಹಚ್ಚಿಕೊಳ್ಳಿ" ಎಂದಳು.

ಎಲ್ಲರಿಗೂ ನನ್ನಂಥ ಶಾಲು ಬೇಕೆಂದಾಗ ರಘು ನನ್ನನ್ನೂ ಅಪ್ಪ ಮಗಳನ್ನೂ ಬರ್ ದುಬೈಗೆ ಕರೆದುಕೊಂಡು ಹೋದ. ದೇವಸ್ಥಾನದ ಗಲ್ಲಿಯ ಹತ್ತಿರ ಭಟ್ಕಳದ ಸಾಹೇಬರೊಬ್ಬರ ಬಟ್ಟೆಯಂಗಡಿ ಇದೆ. ಸಂಘದವರಿಗೆ ಶಾಲು ಕೊಟ್ಟದ್ದು ಅವರೇ.

"ಬನ್ನಿ ಟೀಚರಮ್ಮ, ಕೂತ್ಕೊಳ್ಳಿ" ಎಂದರು ಸಾಹೇಬರು. "ರಾಜ್ಯೋತ್ಸವ ಖಲಾಸ್ ಆದ್ಮೇಲೆ ಈ ಮಾಲಿಗೆ ಗಿರಾಕಿ ಮಾಫಿ, ಒಬ್ರೂ ಇಲ್ಲ. ಬರೋ ವರ್ಷದವರೆಗೆ ಗೋಡೌನಿನಲ್ಲಿ ಇಡ್ಬೇಕು. ಇವರಿಗೆ ಎಷ್ಟು ಬೇಕಂತೆ?"

"ಇದ್ದದ್ದೆಲ್ಲ ಬೇಕಂತೆ" ಎಂದ ರಘು.

ಸಾಹೇಬರು ಅರ್ಲಿಂದೊ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಕನ್ನಡದ ಮೇಲೆ ಇಷ್ಟು ಪ್ರೀತಿ ನಮ್ಮವರಿಗೂ ಇಲ್ಲ ನೋಡಿ" ಎಂದು ಕುರ್ಚಿ ಸರಿಸಿ ಕೊಟ್ಟರು. ಶಾಲಿನ ಅಂಚಿನಲ್ಲಿ ಕನ್ನಡಕ್ಕೆ ಜಯವಾಗಲಿ ಎಂದು ಅಚ್ಚಾಗಿತ್ತು. ಏನು ಬರೆದಿದೆ ಎಂದು ದೆನಿಸಿ ಕೇಳಿದಳು. ಜಯವಾಗಲಿ ಎಂದು ಬರೆದಿದೆ ಎಂದೆ. ಯಾರಿಗೆ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಗಂಟುಗಳನ್ನು ರಘುವಿನ ಕಾರಿಗೆ ತುಂಬಿ, ನಾವು ಮೂವರು ಅಬ್ರಾ ಎಂಬ ಮರದ ದೋಣಿ ಹತ್ತಿ ಆಚೆ ದಡಕ್ಕೆ ಹೊರಟೆವು. ಅರ್ಲಿಂದೊ ಅವರು ಬೇರೆ ಯಾರನ್ನೂ ಹತ್ತಲು ಬಿಡದೆ ನನ್ನನ್ನೇ ಮೊದಲು ಹತ್ತಿಸಿದರು. ಆಫೀಸಿಗೆ ಹೊರಟವರೆಲ್ಲ ದಡದಲ್ಲಿ ತಡೆದು ನಿಂತಿದ್ದರು. ಗಾಳಿ ಚೆನ್ನಾಗಿತ್ತು, ನೀರಿನ ಮೇಲೆ ಹಕ್ಕಿಗಳಿದ್ದವು, ನನಗೆ ಒಂದೂ ಬೇಡವಾಗಿತ್ತು. ಹಿಂದಿನ ದಿನದಿಂದ ಒಂದೇ ಯೋಚನೆ. ಫೈನಲ್ ಸೋತರೆ? ನಮ್ಮ ಮನೆಯಲ್ಲಿ ಹತ್ತು ಜನ ಇದ್ದರು, ಅಷ್ಟು ನೋಟ ಹೇಗೋ ತಡೆದುಕೊಂಡೆ. ಇಲ್ಲಿ ಒಂದು ಊರಿಗೆ ಊರೇ ಇದೆ. ಹೆಂಡತಿಯ ಜಾಗದಲ್ಲಿ ನನ್ನನ್ನು ನಿಲ್ಲಿಸಿದ ಈ ಮುದುಕರ ಮುಖವನ್ನು ಆಮೇಲೆ ಹೇಗೆ ನೋಡಲಿ?

ಹೇಳಿಬಿಡುವುದೇ ಸರಿ ಎನಿಸಿತು. ದೆನಿಸಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಮಾವನ ಸೊಂಟ, ಪಂಪು, ಎಮ್ಮೆ ಎಲ್ಲವನ್ನೂ ಹೇಳಿದೆ. ನೀವು ತಪ್ಪು ಕಾಲು ಹಿಡಿದಿದ್ದೀರಿ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಅವಳು ನಗದೆ ಅಪ್ಪನಿಗೆ ಹೇಳಿದಳು. ಎಮ್ಮೆಯ ವಿಷಯ ಬಂದಾಗ ಅವರು ಎರಡು ಪ್ರಶ್ನೆ ಕೇಳಿದರು, ಮನೆಯಲ್ಲಿ ದನ ಸಾಕಿದವರಿರಬೇಕು. ಕೊನೆಗೆ ಮೀಸೆ ಸವರಿಕೊಂಡು ಉತ್ತರ ಕೊಟ್ಟರು.

"ಅಪ್ಪ ಹೇಳುತ್ತಾರೆ, ಹಾಗಾದರೆ ಇಷ್ಟು ವರ್ಷದ ಬಿಸಿ ಖರ್ಚಾಗದೆ ಒಳಗೇ ಉಳಿದಿದೆಯಂತೆ."

ಇಂಥವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಅಬುಧಾಬಿ

ಬಸ್ಸಿನ ತುಂಬ ಹಳದಿ ಕೆಂಪು ಶಾಲು. ಶೇಖ್ ಜಾಯೆದ್ ರಸ್ತೆಯುದ್ದಕ್ಕೂ ಹಾಡು, ಡೋಲು. ಕಿಟಕಿಯಿಂದ ನೋಡಿದ ಯಾರೋ ಕನ್ನಡಿಗರು ಕಾರಿನಿಂದ ಕೈ ಬೀಸಿ "ಜೈ ಕರ್ನಾಟಕ" ಎಂದರು. ಬಸ್ಸಿನವರೂ ಖುಷಿಯಿಂದ ಅದನ್ನೇ ಹಾಡಿಗೆ ಸೇರಿಸಿಕೊಂಡರು.

ಗೇಟಿನಲ್ಲಿ ತಪಾಸಣೆ. ಅರ್ಲಿಂದೊ ಅವರ ಕಿಸೆಯಿಂದ ಕೆಂಪು ಪುಡಿಯ ಚೀಲ ಹೊರಬಂತು. ಸೆಕ್ಯೂರಿಟಿಯವನು ಅದನ್ನು ಮೂಸಿ, ಅಲುಗಾಡಿಸಿ, ಇನ್ನೊಬ್ಬನನ್ನು ಕರೆದ. ದೆನಿಸಿಯ ಇಂಗ್ಲಿಷ್ ಅವರಿಗೆ ಸಾಲಲಿಲ್ಲ. ನಾನು ಮುಂದೆ ಹೋಗಿ ಹಿಂದಿಯಲ್ಲಿ, "ಭೈಯಾ, ಇದು ಮಣ್ಣು, ನಮ್ಮ ಪೂಜೆಗೆ" ಎಂದೆ. ಅವನು ಮೀಸೆಯ ಮುದುಕರನ್ನು ನೋಡಿದ, ಶಾಲುಗಳನ್ನು ನೋಡಿದ, ನನ್ನ ಸೀರೆ ನೋಡಿದ. ಪೂಜೆಯನ್ನು ಹೊರಗೇ ಮುಗಿಸಿ ಬನ್ನಿ, ಒಳಗೆ ಪುಡಿ ಬಿಡುವುದಿಲ್ಲ ಎಂದ.

ಹಾಗಾಗಿ ಗೇಟಿನ ಹೊರಗಿನ ಸಿಮೆಂಟಿನ ಮೇಲೆ ಎಲ್ಲರೂ ಬೂಟು, ಕಾಲುಚೀಲ ಕಳಚಿದರು. ಅರ್ಲಿಂದೊ ಅವರು ಮೊಣಕಾಲೂರಿ ಕೂತು ನನ್ನ ಎರಡೂ ಪಾದಗಳಿಗೆ ಹಂಚಿನ ಪುಡಿ ಸವರಿದರು. ವಯಸ್ಸಿನಲ್ಲಿ ದೊಡ್ಡವರು ಕಾಲು ಮುಟ್ಟಿದರಲ್ಲ ಎಂದು ನಾನು ಹಿಂದೆ ಸರಿದರೆ ಬೈದರು. ಆಮೇಲೆ ಎಲ್ಲರೂ ಬದಿಗೆ ಸರಿದು ದಾರಿ ಬಿಟ್ಟರು. ನಾನು ಮುಂದೆ, ಅಷ್ಟೂ ಜನ ನನ್ನ ಹಿಂದೆ. ಬಲಗಾಲಿಟ್ಟು ಒಳಗೆ ಹೋದೆ.

ಎದುರಿಗಿದ್ದದ್ದು ಯುರೋಪಿನ ಶ್ರೀಮಂತ ಕ್ಲಬ್ಬು. ಅವರ ಒಬ್ಬ ಆಟಗಾರನ ಸಂಬಳದಲ್ಲಿ ನಮ್ಮೂರನ್ನು ಹಂಚಿನ ಸಮೇತ ಕೊಳ್ಳಬಹುದು ಎಂದಳು ದೆನಿಸಿ. ನನಗೆ ಆಟ ಅರ್ಥವಾಗದಿದ್ದರೂ ಇವರ ಹುಡುಗರು ಜೀವ ಬಿಟ್ಟು ಓಡುವುದು ಅರ್ಥವಾಗುತ್ತಿತ್ತು. ಅರ್ಧ ಆಟ ಗೋಲಿಲ್ಲ. ಜನ ನನ್ನ ಕಡೆ ತಿರುಗಿ ತಿರುಗಿ ಹೆಬ್ಬೆರಳು ತೋರಿಸಿದರು. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಆಚೆಯವರು ದೂರದಿಂದ ಒದ್ದ ಚೆಂಡು ಇವರವನೊಬ್ಬನ ಭುಜಕ್ಕೆ ತಾಗಿ, ದಿಕ್ಕು ಬದಲಿಸಿ ಒಳಗೆ ಹೋಯಿತು. ಅಷ್ಟೇ. ಆ ಒಂದು ಗೋಲನ್ನು ಕೊನೆಯವರೆಗೂ ತೀರಿಸಲಾಗಲಿಲ್ಲ.

ಸೀಟಿ ಊದಿದಾಗ ನಾನು ಸೀರೆಯ ನೆರಿಗೆ ಎಳೆದು ಪಾದ ಮುಚ್ಚಿಕೊಂಡೆ. ನನಗೆ ಗೊತ್ತಾಗದೆಯೇ ಕೈ ಆ ಕೆಲಸ ಮಾಡಿತು. ನಾಚಿಕೆಯಾಯಿತು, ಸಿಟ್ಟೂ ಬಂತು. ಯಾಕೆ ಬಂದೆ, ಯಾರು ಬರಹೇಳಿದ್ದರು, ತಮ್ಮನ ಮನೆಯಲ್ಲಿ ಚಾ ಕುಡಿದು ಕೂತಿರ್ಲಿಕ್ಕೆ ಏನಾಗಿತ್ತು ನನಗೆ ಎಂದು ನನ್ನನ್ನೇ ಬೈದುಕೊಂಡೆ. ಈಗ ನೋಡುತ್ತಾರೆ, ಈಗ ಆ ನೋಟ ಬರುತ್ತದೆ ಎಂದು ತಲೆ ತಗ್ಗಿಸಿ ಕಾದೆ.

ಬರಲಿಲ್ಲ. ಬದಲಿಗೆ ಮುಂದಿನ ಸಾಲಿನಲ್ಲಿ ಒಬ್ಬ ದಪ್ಪ ಮನುಷ್ಯ ಎದ್ದು ನಿಂತು, ಎದೆ ಬಡಿದುಕೊಂಡು ಏನೋ ಕೂಗಿದ. ಪಕ್ಕದವನು ಅವನನ್ನು ತಳ್ಳಿ ತಾನು ಕೂಗಿದ. ಹಿಂದಿನಿಂದ ಒಬ್ಬ ಅಜ್ಜಿ ಇಬ್ಬರನ್ನೂ ಬೈದಳು. ಕ್ಷಣದಲ್ಲಿ ಜಗಳ ಹತ್ತಿಕೊಂಡಿತು.

"ಏನಂತೆ?" ಎಂದು ಹೆದರಿ ದೆನಿಸಿಯನ್ನು ಕೇಳಿದೆ.

"ಆ ದಪ್ಪನೆಯವನು ಹೇಳುತ್ತಾನೆ, ಸೋತದ್ದು ತನ್ನಿಂದ. ಸೆಮಿಫೈನಲ್ಲಿನ ಅಂಗಿಯನ್ನು ಒಗೆಯಬಾರದಿತ್ತು, ಒಗೆದನಂತೆ. ಇನ್ನೊಬ್ಬನು, ಅಲ್ಲ ನನ್ನಿಂದ, ಗೋಲಾಗುವಾಗ ನಾನು ಶೌಚಕ್ಕೆ ಹೋಗಿದ್ದೆ ಅನ್ನುತ್ತಾನೆ. ಅಜ್ಜಿ ಹೇಳುತ್ತಾಳೆ, ಮೂರ್ಖರಾ, ನಾನು ಬೆಳಿಗ್ಗೆ ಮೊಮ್ಮಗಳಿಗೆ ಗೆದ್ದೇ ಗೆಲ್ಲುತ್ತೇವೆ ಅಂದುಬಿಟ್ಟೆ."

ಇದು ಆ ಕ್ಲಬ್ಬಿನ ಕ್ರಮವಂತೆ. ಬಹಳ ಹಿಂದೆ ಒಂದು ದೊಡ್ಡ ಪಂದ್ಯದಲ್ಲಿ ಗೋಲ್‌ಕೀಪರ್ ಒಬ್ಬ, ಆವೆಯಲ್ಲಿ ಹಂಚು ಸುಡುವ ಹುಡುಗ, ಸುಲಭದ ಚೆಂಡನ್ನು ಬಿಟ್ಟ. ಊರೆಲ್ಲ ಅವನನ್ನೇ ದೂರಿತು. ಎದುರು ಸಿಕ್ಕರೆ ಮಾತಾಡುವವರಿಲ್ಲ, ಅವನ ತಾಯಿಯ ಕೈಯಿಂದ ರೊಟ್ಟಿ ಕೊಳ್ಳುವವರಿಲ್ಲ. ಒಂದು ದಿನ ಅವನು ರೈಲು ಹತ್ತಿ ಹೋದವನು ತಿರುಗಿ ಬರಲಿಲ್ಲ. ಹುಡುಕಿದರು, ಸಿಗಲಿಲ್ಲ. ಆಮೇಲೆ ಊರಿಗೆ ನಾಚಿಕೆಯಾಯಿತು. ಸೋತ ದಿನ ತಪ್ಪನ್ನು ಒಬ್ಬರ ತಲೆಗೆ ಕಟ್ಟಬಾರದು, ಮೈದಾನ ಬಿಡುವ ಮೊದಲು ಪ್ರತಿಯೊಬ್ಬರೂ ತನ್ನದು ಏನೆಂದು ಹೇಳಿ ಪಾಲು ತೆಗೆದುಕೊಂಡೇ ಹೋಗಬೇಕು ಎಂದು ಮಾಡಿಕೊಂಡರು. ಮೊದಲು ಸಂಕಟದಿಂದ ಹೇಳುತ್ತಿದ್ದರಂತೆ. ಈಗ ಪೈಪೋಟಿಯಿಂದ ಹೇಳುತ್ತಾರೆ.

ನಾನು ಎದ್ದು ನಿಂತೆ. "ನನ್ನ ಕಾಲು" ಎಂದೆ. "ನನ್ನಿಂದಲೇ ಆದದ್ದು. ನಾನು ಮೊದಲೇ ಹೇಳಿದ್ದೆ."

ದೆನಿಸಿ ಅದನ್ನು ದೊಡ್ಡ ದನಿಯಲ್ಲಿ ಹೇಳಿದಳು. ಜಗಳ ನಿಂತಿತು. ಎಲ್ಲರೂ ನನ್ನನ್ನು ನೋಡಿದರು, ಮುಖವನ್ನು. ಆಮೇಲೆ ಒಟ್ಟಿಗೆ ಬೊಬ್ಬೆ ಹಾಕಿದರು. ಅಜ್ಜಿಯಂತೂ ಬೆರಳು ಅಲ್ಲಾಡಿಸಿ ನನ್ನನ್ನು ಗದರಿಸಿದಳು.

"ಅವಳು ಹೇಳುತ್ತಾಳೆ, ನೀವು ಮೊನ್ನೆ ಬಂದವರು. ಈ ಕ್ಲಬ್ಬನ್ನು ಸೋಲಿಸುವಷ್ಟು ಸೀನಿಯಾರಿಟಿ ನಿಮಗೆ ಇಲ್ಲ."

ನನಗೆ ಯಾವ ಹಟ ಹಿಡಿಯಿತೋ ಗೊತ್ತಿಲ್ಲ. ಗೇಟು ದಾಟಿದ್ದು ಯಾರು, ನೀವಾ ನಾನಾ, ನನಗೂ ಪಾಲು ಬೇಕು ಎಂದು ಕನ್ನಡದಲ್ಲೇ ವಾದಕ್ಕಿಳಿದೆ. ಅಂಗಿ ಒಗೆದವನೂ ನಾನೂ ಕೈ ತಿರುಗಿಸಿ ತಿರುಗಿಸಿ ಜಗಳವಾಡಿದೆವು, ಅವನು ಅವನ ಭಾಷೆಯಲ್ಲಿ, ನಾನು ನನ್ನದರಲ್ಲಿ. ಕೊನೆಗೆ ಅರ್ಲಿಂದೊ ಅವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಕೋರಿ ರೊಟ್ಟಿಯನ್ನು ಎರಡು ಸಲ ಹಾಕಿಸಿಕೊಂಡು ಹೊಟ್ಟೆ ಕೆಡಿಸಿಕೊಂಡು ಸೆಮಿಫೈನಲ್ಲಿಗೆ ಮೈದಾನಕ್ಕೇ ಬಾರದ ತಮ್ಮದೇ ದೊಡ್ಡ ಪಾಲು, ಅದರಲ್ಲಿ ಚರ್ಚೆಯಿಲ್ಲ. ಟೀಚರಿಗೆ, ಹೊಸಬರಾದ್ದರಿಂದ, ಅರ್ಧ ಪಾಲು.

ಅರ್ಧ ಪಾಲು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಅಳುತ್ತಿದ್ದೆ, ಹಾಗೆಂದು ತಿಳಿದದ್ದು ಅಜ್ಜಿ ತನ್ನ ಶಾಲಿನಿಂದ ನನ್ನ ಮುಖ ಒರೆಸಿದಾಗ.

ಮರುದಿನ

ಬೆಳಿಗ್ಗೆ ಮನೆಗೆ ಫೋನ್ ಮಾಡಿದೆ. ಐಎಸ್‌ಡಿ ಕರೆ ಎಂದರೆ ನಮ್ಮ ಮನೆಯವರು ಆರೋಗ್ಯ, ಊಟ, ಇಡ್ತೇನೆ ಎಂದು ಮೂರು ಮಾತಿನಲ್ಲಿ ಮುಗಿಸುವವರು. ನಾನು ಗೇಟು ದಾಟುವ ಸುದ್ದಿ ರಘುವಿನಿಂದ ಅವರಿಗೆ ಮುಟ್ಟಿತ್ತು, ಅವತ್ತು ಮಾತ್ರ ಮೊದಲೇ ಕೇಳಿದರು.

"ಎಂತಾಯ್ತು, ಗೆದ್ದರಾ?"

"ಸೋತರು."

"ನಿನಗೆ ಏನೂ ಅನ್ಲಿಲ್ವಾ ಅವರು?" ಎಂದರು.

ಆ ಪ್ರಶ್ನೆಯಲ್ಲಿ ನನಗೆ ಎಷ್ಟೋ ವರ್ಷ ಗೊತ್ತಿಲ್ಲದ ಒಂದು ವಿಷಯ ಗೊತ್ತಾಯಿತು. ಪೇಪರ್ ಹಿಡಿದು ಹೊರಗೆ ಹೋಗುತ್ತಿದ್ದ ಮನುಷ್ಯ ಎಲ್ಲವನ್ನೂ ನೋಡುತ್ತಲೇ ಇದ್ದರು. ನಾನು ಅವರಿಗೆ ಅಂಗಿ ಒಗೆದವನ ಕಥೆ, ಅಜ್ಜಿಯ ಕಥೆ, ರೈಲು ಹತ್ತಿ ಹೋದ ಹುಡುಗನ ಕಥೆ, ನನ್ನ ಅರ್ಧ ಪಾಲಿನ ಕಥೆ ಎಲ್ಲ ಹೇಳಿದೆ. ಮುಗಿದ ಮೇಲೂ ಅವರು ಇಡ್ತೇನೆ ಎನ್ನಲಿಲ್ಲ.

"ಅಪ್ಪ ಬಿದ್ದರಲ್ಲ ಆವತ್ತು" ಎಂದರು ಕೊನೆಗೆ. "ಬಚ್ಚಲ ಬಾಗಿಲಲ್ಲಿ ಎಣ್ಣೆ ಚೆಲ್ಲಿದ್ದು ನಾನು ಮಾರಾಯ್ತಿ. ತಲೆಗೆ ಹಾಕಿಕೊಳ್ಳುವಾಗ ಕುಪ್ಪಿ ಜಾರಿತು. ಒರೆಸ್ಬೇಕು ಅಂತ ಇದ್ದೆ. ಅಷ್ಟರಲ್ಲಿ ಯಾರೋ ಕರೆದರು."

ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಟ್ಯಾಕ್ಸಿಗೆ ಸಾಮಾನು ತುಂಬಿಸುತ್ತಾ ಅರ್ಲಿಂದೊ ಅವರು ನನ್ನನ್ನು ಕಂಡು ಕೈ ಬೀಸಿದರು. ನಾನೂ ಬೀಸಿದೆ. ಗಂಡನಿಗೆ ಬೈಯಲು ಎಷ್ಟೋ ಮಾತು ಬಾಯಿಗೆ ಬಂದವು. ಎಲ್ಲವನ್ನೂ ಬಿಟ್ಟು ಒಂದನ್ನು ಆರಿಸಿಕೊಂಡೆ.

"ಇದನ್ನು ಎಲ್ಲರ ಎದುರು ಹೇಳ್ಬೇಕು ನೀವು. ನಿಮ್ಮ ತಮ್ಮನ ಎದುರು, ತಂಗಿಯರ ಎದುರು, ಎಲ್ಲರನ್ನೂ ಕರೆಸಿ."

"ಈಗ್ಲಾ?"

"ನಾನು ಬಂದ ಮೇಲೆ. ನಾನು ಕೇಳ್ಬೇಕು."

ಫೋನಿನ ದುಡ್ಡು ಹೋಗುತ್ತಲೇ ಇತ್ತು.

"ಆಯ್ತು, ಹೇಳ್ತೇನೆ" ಎಂದರು.